ದೊಡ್ಡ ಬ್ಲೈಂಡು ಮತ್ತು ಒತ್ತು ಶಾವಿಗೆ

ಕುಂಬಾರಕೊಪ್ಪಲು, ಮೈಸೂರು
5 ಜುಲೈ 2004

ಪ್ರಸಾದ್ ಮಾವ,

ನೀವು ಕ್ಷೇಮವೇ ಎಂದು ಮೊದಲು ಕೇಳಿ ಆಮೇಲೆ ಬೈಯುವುದು ನನಗೆ ಬರುವುದಿಲ್ಲ. ನೇರವಾಗಿ ಬೈಯುತ್ತೇನೆ. ಫೋನಿನಲ್ಲಿ ಹೇಳೋಣವೆಂದರೆ ಫೋನು ಹಾಲಿನಲ್ಲಿದೆ, ಅಪ್ಪ ಅದರ ಪಕ್ಕದಲ್ಲೇ ಕೂತಿರುತ್ತಾರೆ.

ಹೋದ ವರ್ಷ ರಜೆಗೆ ಬಂದವರು ನಮ್ಮ ಬಡಾವಣೆ ಸಂಘದ ಕೋಣೆಯಲ್ಲಿ ಆರು ಜನ ಹಿರಿಯರನ್ನು ಕೂರಿಸಿಕೊಂಡು, ನೀವು ಗೋವಾದ ಜೂಜಿನ ಹಡಗಿನಲ್ಲಿ ಆಡಿಸುವ ಇಸ್ಪೀಟಾಟ ಕಲಿಸಿ ಹೋದಿರಿ. ಲಿಮಿಟ್ ಹೋಲ್ಡೆಮ್, ಕೈಗೆ ಎರಡೆರಡು ಎಲೆ, ನಡುವೆ ಎಲ್ಲರಿಗೂ ಸೇರಿ ಐದು. ಅವರು ರಮ್ಮಿಯನ್ನು ಬಿಟ್ಟು ಅದನ್ನೇ ಹಿಡಿದುಕೊಂಡಿದ್ದಾರೆ. ದುಡ್ಡಿಟ್ಟು ಆಡುವುದಿಲ್ಲ ಎಂದು ಎಲ್ಲರಿಗೂ ಬಹಳ ಹೆಮ್ಮೆ. ಹುಣಸೆ ಬೀಜ ಇಟ್ಟು ಆಡುತ್ತಾರೆ. ಆಟ ಮುಗಿದಾಗ ಯಾರ ಮುಂದೆ ಕಡಿಮೆ ಬೀಜ ಇರುತ್ತದೋ ಅವರು ಮುಂದಿನ ಭಾನುವಾರ ಎಲ್ಲರಿಗೂ ತಿಂಡಿ ತರಬೇಕು. ಇದು ಅವರ ಕಟ್ಟಳೆ.

ಪ್ರತಿ ಭಾನುವಾರ ಕಡಿಮೆ ಬೀಜ ಇರುವುದು ನಮ್ಮಪ್ಪನ ಮುಂದೆ. ಅಂದರೆ ಪ್ರತಿ ಭಾನುವಾರ ಬೆಳಕು ಹರಿಯುವ ಮೊದಲೇ ಎದ್ದು ಆರು ಗಂಡಸರಿಗೆ ತಿಂಡಿ ಮಾಡುವವರು ನಮ್ಮಮ್ಮ. ಹೋದ ವಾರ ಒತ್ತು ಶಾವಿಗೆ. ಸಂಘದ ಅಧ್ಯಕ್ಷ ನಂಜುಂಡಯ್ಯನವರು ಬೀಜ ಬಾಚಿಕೊಳ್ಳುತ್ತಲೇ ಹೇಳಿ ಕಳಿಸಿದ್ದರು, "ದಾಕ್ಷಾಯಣಮ್ಮೋರ ಕೈ ಒತ್ತು ಶಾವಿಗೆ ತಿಂದು ಬಾಳ ದಿನ ಆಯ್ತು ಶಿವಲಿಂಗಯ್ಯನೋರೇ." ಗೆಲ್ಲುವುದೂ ಅವರೇ, ಅಡುಗೆ ಹೇಳುವುದೂ ಅವರೇ. ಬೆಂದ ಅಕ್ಕಿ ಹಿಟ್ಟಿನ ಮುದ್ದೆಯನ್ನು ಬಿಸಿಯಿರುವಾಗಲೇ ಆ ಹಳೇ ಶಾವಿಗೆ ಒರಳಲ್ಲಿ ಒತ್ತಬೇಕು. ಅಮ್ಮನ ಬಲಭುಜ ಈಗ ತಲೆ ಬಾಚಿಕೊಳ್ಳಲೂ ಮೇಲೇಳುವುದಿಲ್ಲ. ಭಾನುವಾರ ಬೆಳಿಗ್ಗೆ ಅಕ್ಕನ ಬಳಗದಲ್ಲಿ ವಚನ ಹಾಡಲು ಹೋಗುತ್ತಿದ್ದರಲ್ಲ, ಅದು ನಿಂತೇ ಹೋಯಿತು. ಅವರಿಗೆ ಅಂತ ಇದ್ದದ್ದು ವಾರದಲ್ಲಿ ಆ ಒಂದು ಬೆಳಿಗ್ಗೆ. ಅದನ್ನು ನಾನು ವಾಪಸು ತರಬೇಕು. ಇಷ್ಟೇ ನನ್ನ ಉದ್ದೇಶ.

ಅಪ್ಪ ಸೋಲುವುದನ್ನು ಕಣ್ಣಾರೆ ನೋಡಿದ್ದೇನೆ. ಅವರ ಕೈನಡುಕ ಹೆಚ್ಚಾಗಿ ಎಲೆ ಹಿಡಿದರೆ ಪಕ್ಕದವರಿಗೆಲ್ಲ ಕಾಣುತ್ತದೆ. ಹಾಗಾಗಿ ಒಂದು ತಿಂಗಳಿಂದ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ನಾನೇ ಎಲೆ ಹಿಡಿಯುತ್ತೇನೆ. ಅಲ್ಲಿ ವಯಸ್ಸಿನ ಪ್ರಕಾರ ಕುರ್ಚಿ. ನಂಜುಂಡಯ್ಯನವರು, ಅವರ ಎಡಕ್ಕೆ ಸೈಕಲ್ ಅಂಗಡಿ ಜವರಪ್ಪನವರು, ಅವರ ಎಡಕ್ಕೆ ಅಪ್ಪ. ನಂಜುಂಡಯ್ಯನವರು ಎಲೆ ಹಂಚಿದಾಗಲೆಲ್ಲ ಜವರಪ್ಪನವರದು ಒಂದು ಬೀಜದ ಚಿಕ್ಕ ಬ್ಲೈಂಡು, ಅಪ್ಪನದು ಎರಡು ಬೀಜದ ದೊಡ್ಡ ಬ್ಲೈಂಡು. ಎಲೆ ನೋಡುವ ಮೊದಲೇ ಕಡ್ಡಾಯವಾಗಿ ಇಡಬೇಕಾದದ್ದು. ಉಳಿದ ಮೂವರು ಬಿಟ್ಟ ಮೇಲೆ ನಂಜುಂಡಯ್ಯನವರು ವಿಭೂತಿ ಹಣೆ ಎತ್ತಿ, ಕಣ್ಣು ಮುಚ್ಚಿ ತೆರೆದು "ರೈಸ್" ಅಂತ ನಾಲ್ಕು ಬೀಜ ಇಡುತ್ತಾರೆ. ಜವರಪ್ಪನವರು ಪ್ಯಾಕ್, ಎಲೆ ಬಿಟ್ಟುಬಿಡುತ್ತಾರೆ. ಅಪ್ಪ ಎಲೆ ಕೆಳಗಿಟ್ಟು ಕೈ ಮುಗಿಯುತ್ತಾರೆ. ನಿಜವಾಗಿ ಕೈ ಮುಗಿಯುತ್ತಾರೆ ಮಾವ.

ಯಾಕಪ್ಪ ಬಿಟ್ಟಿರಿ, ರಾಜ ಇತ್ತಲ್ಲ ಅಂದೆ. "ಅಷ್ಟು ದೊಡ್ಡ ಮನುಷ್ಯ ರೈಸ್ ಅಂದ್ಮೇಲೆ, ಎಲ್ಲಿ ತೋರ್ಸಿ ಅನ್ನಕ್ಕಾಗುತ್ತೇನಮ್ಮ. ನಿಮ್ಮತ್ರ ಏನೂ ಇಲ್ಲ, ಸುಳ್ಳು ಹೇಳ್ತಿದ್ದೀರ ಅಂದಂಗಾಗಲ್ವಾ" ಅಂದರು.

ನನಗೆ ಹೇಸಿಗೆಯಾಯಿತು. ಅಪ್ಪ ಪ್ರೆಸ್ಸಿನಲ್ಲಿದ್ದಾಗ ಮಿಕ್ಕ ಕರಪತ್ರಗಳನ್ನು ಡಬ್ಬಿಗಳ ಕೆಳಗೆ ಹಾಸಲು ಮನೆಗೆ ತರುತ್ತಿದ್ದರು. ನಾನು ಡಬ್ಬಿ ಎತ್ತಿ ಎತ್ತಿ ಓದಿ ಬೆಳೆದವಳು. ಅನ್ಯಾಯವನ್ನು ಸಹಿಸುವವನೂ ಅದರ ಪಾಲುದಾರ ಎಂದು ಮೆಣಸಿನಪುಡಿ ಡಬ್ಬಿಯ ಕೆಳಗಿತ್ತು. ಅದನ್ನು ಅಚ್ಚು ಹಾಕಿದ ಕೈಯೇ ಈಗ ಮುಗಿಯುತ್ತಿದೆ.

ಆಟ ಕಲಿಸಿದವರು ನೀವು. ಇದಕ್ಕೆ ಮದ್ದನ್ನೂ ನೀವೇ ಹೇಳಿ.

ಸುಷ್ಮಾ

*

ಪಣಜಿ
17 ಜುಲೈ 2004

ಪುಟ್ಟಿ,

ಕಾಗದ ಓದಿ ಮೊದಲು ನಕ್ಕೆ. ಆಮೇಲೆ ಅಕ್ಕನ ಭುಜದ ವಿಷಯ ಇನ್ನೊಂದು ಸಲ ಓದಿದೆ.

ನೀನು ಬರೆದ ರೋಗ ನನ್ನ ಟೇಬಲ್ಲಿನಲ್ಲಿ ದಿನಾ ನೋಡುವಂಥದ್ದೇ. ಇದಕ್ಕೆ ಬ್ಲೈಂಡ್ ಕದಿಯುವುದು ಅನ್ನುತ್ತಾರೆ. ಮೋಸವಲ್ಲ, ಆಟದೊಳಗಿನದೇ. ಕೊನೆಯಲ್ಲಿ ಮಾತಾಡುವ ಜಾಗದಲ್ಲಿ ಕೂತವನು, ಉಳಿದವರೆಲ್ಲ ಬಿಟ್ಟ ಮೇಲೆ, ಬ್ಲೈಂಡಿನವರೂ ಬಿಟ್ಟಾರು ಅಂತ ಬರಿಗೈಯಲ್ಲಿ ಏರಿಸುತ್ತಾನೆ. ಒಮ್ಮೊಮ್ಮೆ ಮಾಡಿದರೆ ಚಾಲಾಕಿತನ, ಪ್ರತಿ ಸಲ ಮಾಡಿದರೆ ಅದೇ ಅವನ ಬಲಹೀನತೆ. ನಂಜುಂಡಯ್ಯನವರು ಪ್ರತಿ ಸಲ ಮಾಡುತ್ತಾರೆ ಅನ್ನುತ್ತೀಯಲ್ಲ, ಒಳ್ಳೆಯದಾಯಿತು. ಎಲ್ಲ ಸಲವೂ ಒಳ್ಳೆಯ ಎಲೆ ಯಾರಿಗೂ ಬರುವುದಿಲ್ಲ, ಅಧ್ಯಕ್ಷರಿಗೂ.

ಈಗ ಲೆಕ್ಕ ನೋಡು. ಅವರ ನಾಲ್ಕು, ಜವರಪ್ಪನವರ ಒಂದು, ಭಾವನ ಎರಡು ಆಗಲೇ ಮಧ್ಯದಲ್ಲಿವೆ. ಆ ಏಳಕ್ಕಾಗಿ ನೀನು ಹಾಕಬೇಕಾದದ್ದು ಇನ್ನೆರಡು ಮಾತ್ರ. ನಾಲ್ಕು ಸಲದಲ್ಲಿ ಒಂದು ಸಲ ಗೆದ್ದರೂ ಸಾಕು. ಆದ್ದರಿಂದ ದೊಡ್ಡ ಬ್ಲೈಂಡಿನಲ್ಲಿ ಸುಲಭವಾಗಿ ಬಿಡಬೇಡ. ಎಕ್ಕ, ರಾಜ, ಯಾವ ಜೋಡಿಯಾದರೂ ಸರಿ, ಅಕ್ಕಪಕ್ಕದ ಎಲೆಗಳಾದರೂ ಸರಿ, ಉಳಿ. ಏಳು ಎರಡು, ಎಂಟು ಮೂರು ಇಂಥ ಕಸ ಬಂದಾಗ ಮಾತ್ರ ಬಿಡು. ಚಿಕ್ಕ ಬ್ಲೈಂಡಿನಲ್ಲಿದ್ದಾಗ ಸುಮ್ಮನೆ ಉಳಿಯುವುದು ಬೇಡ, ನಿನ್ನ ಹಿಂದೆ ಇನ್ನೊಬ್ಬರು ಬಾಕಿ ಇರುತ್ತಾರೆ. ಒಳ್ಳೆಯ ಎಲೆಯಿದ್ದರೆ ತಿರುಗಿ ರೈಸ್, ಇಲ್ಲದಿದ್ದರೆ ಪ್ಯಾಕ್. ನಡುವೆ ಎಲೆ ಬಿದ್ದ ಮೇಲೆ ಚಿಕ್ಕ ಜೋಡಿ ಸಿಕ್ಕರೂ ಹಿಡಿದುಕೋ. ಕೊನೆಯವರೆಗೂ ಹೋಗಿ ಅವರ ಎಲೆ ನೋಡು.

ಲಿಮಿಟ್ ಆಟದ ಸೊಗಸು ಇದೇ. ಎಷ್ಟೇ ದೊಡ್ಡ ಮನುಷ್ಯನಾದರೂ ಅಳತೆಗಿಂತ ಒಂದು ಬೀಜ ಜಾಸ್ತಿ ಏರಿಸುವ ಹಾಗಿಲ್ಲ. ಹೆದರಿಸಲು ಅವರ ಹತ್ತಿರ ಇರುವುದು ಎರಡೇ ಬೀಜ. ಮಿಕ್ಕದ್ದೆಲ್ಲ ನೀವು ಕೊಟ್ಟದ್ದು.

ಒಂದು ಮಾತು. ಕೋಪದಿಂದ ಆಡಬೇಡ. ಕೋಪ ಬಂದವರು ಕಸವನ್ನೂ ಬಿಡುವುದಿಲ್ಲ.

ಒತ್ತು ಶಾವಿಗೆ ಅಂತ ಬರೆದು ಹೊಟ್ಟೆ ಉರಿಸಿದೆ. ನಿಂಬೆಹುಳಿಯದೋ, ಕಾಯಿಹಾಲಿನದೋ, ಅದನ್ನು ಬರೆಯಲೇ ಇಲ್ಲ.

ಪ್ರಸಾದ್ ಮಾವ

*

ಕುಂಬಾರಕೊಪ್ಪಲು
9 ಆಗಸ್ಟ್ 2004

ಮಾವ,

ಕಾಯಿಹಾಲಿನದು. ತೆಂಗಿನಕಾಯಿ ತುರಿದು, ರುಬ್ಬಿ, ಹಿಂಡಿದ್ದೂ ಅದೇ ಭುಜ.

ನೆನ್ನೆ ನಡೆದದ್ದನ್ನು ಬರೆಯುತ್ತೇನೆ. ನಂಜುಂಡಯ್ಯನವರು ಹಂಚಿದರು. ಅಪ್ಪನ ದೊಡ್ಡ ಬ್ಲೈಂಡು. ನನ್ನ ಕೈಗೆ ಬಂದದ್ದು ರಾಣಿ ಮತ್ತು ಒಂಬತ್ತು. ರೈಸ್ ಅಂದರು. ಜವರಪ್ಪನವರು ಬಿಟ್ಟರು. ಅಪ್ಪ ಆಗಲೇ ಕೈ ಜೋಡಿಸುತ್ತಿದ್ದರು. ನಾನು ಎರಡು ಬೀಜ ಮುಂದೆ ತಳ್ಳಿದೆ.

ಬೀಜ ತಳ್ಳಿದ ಸದ್ದು ಏನು ಮಹಾ. ಆದರೂ ಎಲ್ಲರೂ ತಲೆ ಎತ್ತಿದರು. ಬಸ್ ಕಂಡಕ್ಟರಾಗಿದ್ದ ಮರಿಸ್ವಾಮಿಯವರು ಮಾತ್ರ ನಕ್ಕು, "ಟಿಕೇಟು ತಗೊಂಡ್ಬುಟ್ಟಳು ಕಣ್ರೀ ಹುಡುಗಿ" ಅಂದರು.

"ಮಗು ಕೈ ತಪ್ಪಿ ಇಟ್ಟದೆ, ತಗೊಳಮ್ಮ ತಗೋ" ಅಂದರು ನಂಜುಂಡಯ್ಯನವರು, ಬಹಳ ಪ್ರೀತಿಯಿಂದ.

"ಕೈ ತಪ್ಪಿ ಇಟ್ಟಿಲ್ಲ ಸಾರ್" ಅಂದೆ.

ನಡುವೆ ಬಿದ್ದ ಮೂರರಲ್ಲಿ ಒಂದು ಒಂಬತ್ತು. ಅವರು ಬೀಜ ಇಟ್ಟರು, ನಾನು ಏರಿಸಿದೆ. ಅವರು ಬಿಡಲಿಲ್ಲ, ಬಿಟ್ಟು ಅಭ್ಯಾಸವಿಲ್ಲ. ನಾಲ್ಕನೆಯ ಎಲೆಗೂ ಐದನೆಯ ಎಲೆಗೂ ನಾನು ಇಡುತ್ತಲೇ ಹೋದೆ, ಅವರು ಕೊಡುತ್ತಲೇ ಹೋದರು. ಕೊನೆಗೆ ತೋರಿಸಬೇಕಾಗಿ ಬಂತು. ಏಳು ಮತ್ತು ಮೂರು. ಏನೂ ಇಲ್ಲ. ಜೋಡಿಯೂ ಇಲ್ಲ.

ಮಾವ, ಇಷ್ಟು ದಿನದಲ್ಲಿ ಆ ಕೋಣೆಯಲ್ಲಿ ಯಾರೂ ಆ ಮನುಷ್ಯನ ಎಲೆ ನೋಡಿರಲಿಲ್ಲ. ಅಲ್ಲಿ ಏನೋ ಮಹತ್ತಾದದ್ದು ಇದೆ ಎಂದು ಐದು ಜನ ನಂಬಿಕೊಂಡು ಕೂತಿದ್ದರು. ಏಳು ಮತ್ತು ಮೂರು. ಆ ಏಳು ಮೂರಕ್ಕೆ ನಮ್ಮಮ್ಮ ಶಾವಿಗೆ ಒತ್ತುತ್ತಿದ್ದರು.

ಅವರು ಕೋಪ ತೋರಿಸಲಿಲ್ಲ. "ಓದಿದ ಹುಡುಗಿ. ದೊಡ್ಡೋರು ಚಿಕ್ಕೋರು ಅನ್ನದು ಪುಸ್ತಕದಲ್ಲಿ ಇರಲ್ಲ" ಅಂತ ಅಪ್ಪನಿಗೆ ಹೇಳಿದರು. ಅಪ್ಪ ಕುರ್ಚಿಯಲ್ಲಿ ಕುಗ್ಗಿದರು. ಮನೆಗೆ ಬರುವಾಗ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದರು. ಗೇಟಿನ ಹತ್ತಿರ ಮಾತ್ರ ನಿಂತು, "ಅವರತ್ರ ನಿಜವಾಗ್ಲೂ ಏನೂ ಇರ್ಲಿಲ್ವಾ" ಅಂತ ಕೇಳಿದರು.

ಹೋದ ವಾರವೂ ಅಪ್ಪನೇ ಕೊನೆ. ನೆನ್ನೆ ಕೊನೆಯಲ್ಲ.

ಸುಷ್ಮಾ

*

ಕುಂಬಾರಕೊಪ್ಪಲು
27 ಸೆಪ್ಟೆಂಬರ್ 2004

ಮಾವ,

ಆಗಸ್ಟಿನ ಕಾಗದಕ್ಕೆ ನಿಮ್ಮಿಂದ ಉತ್ತರವಿಲ್ಲ. ಹಡಗಿನಲ್ಲಿ ಕೆಲಸ ಜಾಸ್ತಿ ಇರಬೇಕು ಅಂದುಕೊಂಡಿದ್ದೇನೆ. ಉತ್ತರ ಬಂದರೂ ಬರದಿದ್ದರೂ ಸುದ್ದಿ ಕೇಳಿ.

ಅಮ್ಮ ಏಳು ಭಾನುವಾರದಿಂದ ಒಲೆಯ ಮುಂದೆ ನಿಂತಿಲ್ಲ. ಮೊದಲ ವಾರ ಅಭ್ಯಾಸಬಲದಿಂದ ಎದ್ದು ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ನಿಂತಿದ್ದರು. ಆಮೇಲೆ ನಕ್ಕು ಮಲಗಿದರು. ಮೂರನೆಯ ವಾರ ಅಕ್ಕನ ಬಳಗಕ್ಕೆ ಹೋದರು. ಅಲ್ಲಿ ಇಂದ್ರಮ್ಮನವರು, "ಏನ್ ದಾಕ್ಷಾಯಣಿ, ಗಂಡನ ಹೋಟ್ಲು ಮುಚ್ಚುದ್ರಾ" ಅಂತ ಕೇಳಿದರಂತೆ. ಅದನ್ನು ಹೇಳಿಕೊಂಡು ಅಮ್ಮ ಎರಡು ದಿನ ನಕ್ಕರು.

ನೀವು ಹೇಳಿದ್ದೆಲ್ಲ ನಿಜ. ದೊಡ್ಡ ಬ್ಲೈಂಡನ್ನು ನಾನೀಗ ಸುಲಭವಾಗಿ ಬಿಡುವುದಿಲ್ಲ. ಚಿಕ್ಕ ಬ್ಲೈಂಡಿನಲ್ಲಿ ಎಕ್ಕ ಸಿಕ್ಕಿದರೆ ತಿರುಗಿ ರೈಸ್ ಮಾಡುತ್ತೇನೆ. ನಂಜುಂಡಯ್ಯನವರು ಈಗ ನಾನು ಬೀಜ ಮುಟ್ಟಿದರೆ ಶಲ್ಯ ಸರಿಮಾಡಿಕೊಳ್ಳುತ್ತಾರೆ. ಇಷ್ಟು ಸುಲಭವಾಗಿತ್ತು. ಇಷ್ಟು ಸುಲಭವಾದದ್ದನ್ನು ಮಾಡದೆ ಅಪ್ಪ ವರ್ಷವಿಡೀ ಕೈ ಮುಗಿದರು. ಗುಲಾಮಗಿರಿ ಅಂದರೆ ಸರಪಳಿಯಲ್ಲ, ಅಭ್ಯಾಸ.

ನಾನೂ ಒಂದೆರಡು ಸಲ ಬರಿಗೈಯಲ್ಲಿ ರೈಸ್ ಮಾಡಿ ನೋಡಿದೆ, ಜವರಪ್ಪನವರದು ದೊಡ್ಡ ಬ್ಲೈಂಡಾಗಿದ್ದಾಗ. ತಕ್ಷಣ ಬಿಟ್ಟುಬಿಡುತ್ತಾರೆ, ಪಾಪದ ಮನುಷ್ಯ. ಮರಿಸ್ವಾಮಿಯವರು "ಹುಡುಗಿ ಕಲ್ತುಬುಟ್ಟಳು" ಅಂತ ಮೇಜು ಕುಟ್ಟಿದರು. ಎಷ್ಟು ಹಗುರ ಅನ್ನಿಸುತ್ತದೆ ಗೊತ್ತೇ ಹಾಗೆ ಬಾಚಿಕೊಳ್ಳುವಾಗ.

ಈಗ ತಿಂಡಿ ಜವರಪ್ಪನವರ ಮನೆಯಿಂದ ಬರುತ್ತದೆ. ನೆನ್ನೆ ಇಡ್ಲಿ. ಗೋಡೆಗೆ ಹೊಡೆದರೆ ಗೋಡೆಗೆ ಪೆಟ್ಟಾಗಬೇಕು, ಅಂಥ ಇಡ್ಲಿ. ಅಮ್ಮನ ಕೈ ಅಡುಗೆ ತಿಂದು ನಾಲಗೆ ಉದ್ದ ಮಾಡಿಕೊಂಡ ಗಂಡಸರು ಮುಖ ಸಿಂಡರಿಸಿಕೊಂಡು ನುಂಗುತ್ತಿದ್ದರು. ನನಗೆ ಬಹಳ ಖುಷಿಯಾಯಿತು.

ಸುಷ್ಮಾ

*

ಪಣಜಿ
6 ಅಕ್ಟೋಬರ್ 2004

ಪುಟ್ಟಿ,

ಜವರಪ್ಪನವರ ಹೆಂಡತಿ ತೀರಿಕೊಂಡು ಮೂರು ವರ್ಷವಾಯಿತಲ್ಲ.

ಇಡ್ಲಿ ಮಾಡಿದವರು ಯಾರು?

ಮಾವ

*

ಕುಂಬಾರಕೊಪ್ಪಲು
1 ನವೆಂಬರ್ 2004

ಮಾವ,

ಎರಡು ಸಾಲು ಬರೆದು ನನ್ನ ಮೂರು ವಾರದ ನಿದ್ದೆ ತೆಗೆದಿರಿ. ನೀವು ಕೇಳುವವರೆಗೂ ನಾನು ಕೇಳಿಕೊಂಡಿರಲಿಲ್ಲ. ಕೇಳಿದ ಮೇಲೂ ಹೋಗಿ ನೋಡಲು ಹೆದರಿ ಎರಡು ಭಾನುವಾರ ಕಳೆದೆ.

ಜವರಪ್ಪನವರ ಸೊಸೆ ಚಾಮುಂಡೇಶ್ವರಿ. ನನಗಿಂತ ಎರಡು ವರ್ಷ ಚಿಕ್ಕವಳಿರಬೇಕು. ಗಂಡ ವಾರದಲ್ಲಿ ಐದು ದಿನ ಲಾರಿಯ ಮೇಲೆ. ಸೊಂಟದಲ್ಲಿ ಐದು ತಿಂಗಳ ಮಗು. ನಾನು ಯಾರ ಮಗಳು ಅಂತ ಹೇಳಿದ ತಕ್ಷಣ ಅವಳು ಮೊದಲು ಹೇಳಿದ ಮಾತು ಇದು:

"ಅಕ್ಕಾ, ಆವತ್ತು ಇಡ್ಲಿ ಗಟ್ಟಿ ಆಗೋಗಿತ್ತಂತೆ, ಮಾವ ಬಂದು ಅಂದ್ರು. ಮಗು ಒಂದೇ ಸಮನೆ ಅಳ್ತಿತ್ತು ಕಣಕ್ಕ, ರುಬ್ಬೋದು ಹೊತ್ತಾಗಿ ಹಿಟ್ಟು ಉಬ್ಬಲೇ ಇಲ್ಲ. ನಿಮ್ಮಮ್ಮಂಗೆ ಅಷ್ಟು ಚೆನ್ನಾಗಿ ಎಂಗೆ ಬತ್ತದೆ?"

ಅವಳು ನನ್ನ ಹತ್ತಿರ ಕ್ಷಮೆ ಕೇಳಿದಳು. ನನ್ನ ಹತ್ತಿರ.

ನಾನು ಅಮ್ಮನ ಭುಜದ ಮೇಲಿದ್ದ ಭಾರವನ್ನು ತೆಗೆದು ಎತ್ತಿ ಎಸೆದೆ ಅಂದುಕೊಂಡಿದ್ದೆ. ಎಸೆದಿರಲಿಲ್ಲ, ಇನ್ನೊಂದು ಮನೆಯ ಹೆಣ್ಣಿನ ಮೇಲೆ ಇಟ್ಟಿದ್ದೆ. ಜವರಪ್ಪನವರ ಬ್ಲೈಂಡನ್ನು ಬರಿಗೈಯಲ್ಲಿ ಕದ್ದಾಗ ನಾನು ಕದ್ದದ್ದು ಇವಳ ಬೆಳಗನ್ನು. ಆ ಗಂಡಸರ ಬಗ್ಗೆ ನನಗಿದ್ದ ಅಸಹ್ಯ ಈಗ ಕನ್ನಡಿಯಲ್ಲೂ ಕಾಣುತ್ತದೆ.

ಆದರೆ ಎಲ್ಲವನ್ನೂ ನನ್ನ ಮೇಲೆ ಹಾಕಿಕೊಳ್ಳಲು ನಾನು ತಯಾರಿಲ್ಲ. ಹೋದ ವಾರ ಕೋಣೆಯಲ್ಲಿ ಕೇಳಿದೆ, ಸೋತವರು ತಿಂಡಿ ತರಬೇಕು ಅನ್ನುವ ಈ ದರಿದ್ರ ಕಟ್ಟಳೆ ಯಾರದು ಅಂತ. ಮರಿಸ್ವಾಮಿಯವರು ವಡೆ ಅಗಿಯುತ್ತ, "ಇನ್ಯಾರ್ದಮ್ಮ, ನಿಮ್ ಸೋದರಮಾವಂದೇ. ದುಡ್ಡು ಬ್ಯಾಡ ಅಂದ್ರೆ ತಿಂಡಿ ಇರ್ಲಿ ಅಂತ ಅವ್ರೇ ಅಂದಿದ್ದು" ಅಂದರು.

ಜುಲೈಯಿಂದ ನನಗೆ ಪಾಠ ಹೇಳುತ್ತಿದ್ದೀರಿ. ಲೆಕ್ಕ ಹೇಳಿದಿರಿ, ಕೋಪ ಬೇಡ ಅಂದಿರಿ. ಇದನ್ನು ಮಾತ್ರ ಹೇಳಲಿಲ್ಲ. ಇಡ್ಲಿ ಮಾಡಿದವರು ಯಾರು ಅಂತ ಕೇಳುವ ಬುದ್ಧಿ ನಿಮಗಿತ್ತು. ಆದರೆ ಮಾಡುವವರು ನಿಮ್ಮ ಅಕ್ಕ ಅಲ್ಲ ಅಂದಾಗ ಮಾತ್ರ ಆ ಪ್ರಶ್ನೆ ಬಂತು.

ಉತ್ತರ ಬರೆಯಿರಿ.

ಸುಷ್ಮಾ

*

ಪಣಜಿ
20 ಡಿಸೆಂಬರ್ 2004

ಪುಟ್ಟಿ,

ತಡವಾಯಿತು. ಡಿಸೆಂಬರಿನಲ್ಲಿ ಇಲ್ಲಿ ಉಸಿರಾಡಲೂ ಬಿಡುವಿಲ್ಲ.

ಜವರಪ್ಪನವರ ಮೇಲೆ ಏರಿಸುವುದನ್ನು ನಿಲ್ಲಿಸು. ನಿಲ್ಲಿಸಿರುತ್ತೀಯ ಅಂತ ಗೊತ್ತು. ಆದರೆ ಅಷ್ಟೇ ಸಾಲದು. ನೀನೊಬ್ಬಳೇ ಬ್ಲೈಂಡ್ ಕಾಯ್ದರೆ ಕದಿಯುವವನು ಬಿಟ್ಟುಕೊಡುವ ಇನ್ನೊಬ್ಬರನ್ನು ಹುಡುಕುತ್ತಾನೆ, ಅವನಿಗೆ ನಷ್ಟವಿಲ್ಲ. ಅವನ ಎಡಕ್ಕೆ ಕೂತವರೆಲ್ಲ ಬಿಡದೆ ಹೋದಾಗ ಮಾತ್ರ ಕಸದ ಎಲೆ ಕಸವಾಗುತ್ತದೆ. ನಾನು ನಿನಗೆ ಬರೆದದ್ದನ್ನು ಜವರಪ್ಪನವರಿಗೂ ಹೇಳಿಕೊಡು. ಮುಖ್ಯವಾಗಿ ಒಂದೇ ಮಾತು: ತೋರಿಸಿ ಅನ್ನುವುದು ಬೈಗುಳವಲ್ಲ. ಆಟದಲ್ಲಿ ಅದು ಎಲ್ಲರ ಹಕ್ಕು.

ಕಟ್ಟಳೆಯ ವಿಷಯ ಎದುರು ಕೂತು ಮಾತಾಡೋಣ. ಅವತ್ತು ತಮಾಷೆಯಾಗಿ ಆಡಿದ ಮಾತು ಅದು, ಹೀಗೆ ಬೇರು ಬಿಡುತ್ತದೆ ಅಂತ ಯಾರು ಕಂಡಿದ್ದರು.

ಸಂಕ್ರಾಂತಿಗೆ ಬರುತ್ತಿದ್ದೇನೆ, ರಜೆ ಸಿಕ್ಕಿದೆ. ಅಕ್ಕನಿಗೆ ಹೇಳು. ಭುಜ ಸರಿಯಿದ್ದರೆ ಒಂದೇ ಒಂದು ಸಲ ಒತ್ತು ಶಾವಿಗೆ. ಬೇರೇನೂ ಬೇಡ.

ಪ್ರಸಾದ್ ಮಾವ

*

ಕುಂಬಾರಕೊಪ್ಪಲು
10 ಜನವರಿ 2005

ಮಾವ,

ನಿಮ್ಮ ಕಾಗದ ಬರುವ ಮೊದಲೇ ನಾನು ಜವರಪ್ಪನವರ ಮನೆಗೆ ಹೋಗಲು ಶುರುಮಾಡಿದ್ದೆ. ಅವರಿಗೆ ಹೇಳಿಕೊಡುವುದು ಕಷ್ಟ. ಲೆಕ್ಕ ಅವರಿಗೆ ನನಗಿಂತ ಚೆನ್ನಾಗಿ ಬರುತ್ತದೆ, ಬಾಯಿ ಮಾತ್ರ ಬರುವುದಿಲ್ಲ. "ನಂಜುಂಡಯ್ಯೋರ್ಗೆ ಎದುರಾಡದಾ" ಅಂತ ಎಲೆ ಕೆಳಗಿಡುತ್ತಿದ್ದರು. ಚಾಮುಂಡೇಶ್ವರಿ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದಳು. ಒಂದು ದಿನ ಹೇಳಿದಳು, "ಅಲ್ಲ ಮಾವ, ಅವ್ರು ಎಲ್ಲದುಕ್ಕೂ ಏರ್ಸ್ತಾರೆ ಅಂದ್ಮೇಲೆ ಎಲ್ಲದೂ ಒಳ್ಳೇದಾಗಿರಕ್ಕಾಯ್ತದಾ? ನೀವು ಬುಟ್ಟು ಬುಟ್ಟು ಬರ್ತೀರಿ, ನಾನು ಇಲ್ಲಿ ರುಬ್ಬಿ ರುಬ್ಬಿ ಸಾಯ್ತೀನಿ." ಮನುಷ್ಯ ಅವತ್ತು ಸೊಸೆಯ ಮುಖವನ್ನು ಮೊದಲ ಸಲ ನೋಡಿದವರ ಹಾಗೆ ನೋಡಿದರು.

ಎರಡನೇ ತಾರೀಖು ಭಾನುವಾರ ನಂಜುಂಡಯ್ಯನವರು ರೈಸ್ ಅಂದಾಗ ಜವರಪ್ಪನವರು ಮೂರು ಬೀಜದ ಬದಲು ಐದು ಎಣಿಸಿ ಇಟ್ಟು, ನೆಲ ನೋಡಿಕೊಂಡು "ರೈಸ್" ಅಂದರು. ಮೆಲ್ಲಗೆ ಅಂದರೂ ಎಲ್ಲರಿಗೂ ಕೇಳಿಸಿತು. ಎಕ್ಕ ಮತ್ತು ಹತ್ತು ಇಟ್ಟುಕೊಂಡಿದ್ದರು. ಮುಂದಿನ ಆಟಗಳಲ್ಲಿ ಮರಿಸ್ವಾಮಿಯವರೂ ಬಿಡಲಿಲ್ಲ. ಕೊನೆಗೆ ಇನ್ನೊಂದು ಆಟದಲ್ಲಿ ಅಪ್ಪನ ದೊಡ್ಡ ಬ್ಲೈಂಡಿನ ಸರದಿ. ನಾನು ಎಲೆ ಹಿಡಿದಿದ್ದೆ, ಏನೂ ಮಾಡಿರಲಿಲ್ಲ. ಅಪ್ಪನೇ ನಡುಗುವ ಕೈಯಲ್ಲಿ ಎರಡು ಬೀಜ ತಳ್ಳಿದರು. ಒಂದು ಉರುಳಿ ಕೆಳಗೆ ಬಿತ್ತು, ಬಗ್ಗಿ ಹುಡುಕಿ ಇಟ್ಟು, "ತೋರ್ಸಿ ಸ್ವಾಮಿ, ನೋಡೇಬುಡಣ" ಅಂದರು. ಐದನೆಯ ಎಲೆಯವರೆಗೂ ಹೋದರು.

ಕದಿಯುವುದನ್ನು ಬಿಟ್ಟರೆ ಆ ಮನುಷ್ಯನಿಗೆ ಆಟವೇ ಗೊತ್ತಿಲ್ಲ. ಮಧ್ಯಾಹ್ನಕ್ಕೆ ಅವರ ಮುಂದೆ ಎಲ್ಲರಿಗಿಂತ ಕಡಿಮೆ ಬೀಜ.

ಆ ವಾರವೆಲ್ಲ ನಾನು ಒಂದೇ ಯೋಚಿಸಿದೆ. ಈಗ ಶಾಂತಾದೇವಿಯವರು, ನಂಜುಂಡಯ್ಯನವರ ಹೆಂಡತಿ, ಬೆಳಗಾಗುವ ಮೊದಲೇ ಏಳುತ್ತಾರೆ. ಮತ್ತೆ ಇನ್ನೊಂದು ಹೆಣ್ಣಿನ ತಲೆಗೆ ಬಂತು. ಶನಿವಾರ ಅವರ ಮನೆಗೆ ಹೋಗಿ ಸಹಾಯ ಮಾಡುತ್ತೇನೆ ಅಂತ ಹೇಳಲೂ ತಯಾರಾಗಿದ್ದೆ. ಅಮ್ಮ ಸುಮ್ಮನಿರು ಅಂದರು.

ನೆನ್ನೆ ನಂಜುಂಡಯ್ಯನವರು ಕಾರಿನಿಂದ ಇಳಿದರು. ಹಿಂದೆ ಡ್ರೈವರು, ಕೈಯಲ್ಲಿ ಎರಡು ಪ್ಲಾಸ್ಟಿಕ್ ಕವರು. ಹೋಟೆಲ್ ಇಡ್ಲಿ, ಬಾಳೆಲೆಯಲ್ಲಿ ಕಟ್ಟಿದ್ದು. ಚಟ್ನಿ ಬೇರೆ ಕಟ್ಟಿಸಿದ್ದರು.

"ನಮ್ಮನೆಯೋರ್ಗೆ ಮಂಡಿ ನೋವು. ಬೆಳಿಗ್ಗೆಬೆಳಿಗ್ಗೆ ಎಲ್ಲಿ ತೊಂದ್ರೆ ಕೊಡದು ಅಂತ" ಅಂದರು.

"ಅಯ್ಯೋ, ಪಾಪ, ಯಾಕೆ ಸುಮ್ನೆ. ತಿಂಡಿ ಅಂದ್ರೆ ತಿಂಡಿ. ಎಲ್ಲಿದಾದ್ರೇನು" ಅಂದರು ಮರಿಸ್ವಾಮಿಯವರು. ಎಲ್ಲರೂ ಹೌದು ಅಂದರು. ಎಲೆ ಬಿಚ್ಚಿ ತಿಂದರು. ಜವರಪ್ಪನವರೂ ತಿಂದರು. ನಮ್ಮಪ್ಪನೂ ತಿಂದರು. ಮೆತ್ತಗಿದೆ ಅಂತ ಹೊಗಳಿದರು.

ನಾನು ಗೋಡೆಗೆ ಒರಗಿ ನಿಂತು ಆ ಆರು ಬಾಯಿ ಆಡುವುದನ್ನು ನೋಡಿದೆ. ಯಾರಿಗೂ ಏನೂ ಅನ್ನಿಸಲಿಲ್ಲ. ವರ್ಷಕ್ಕೂ ಮಿಕ್ಕಿ ಭಾನುವಾರಗಳು, ಒಂದು ಭುಜ, ಹಸುಗೂಸಿನ ತಾಯಿಯ ನಿದ್ದೆ. ಮೂಲೆಯ ಹೋಟೆಲಿನಲ್ಲಿ ಅಷ್ಟೂ ದಿನ ಇಡ್ಲಿ ಬೇಯುತ್ತಿತ್ತು. ಶಾಂತಾದೇವಿಯವರ ಮಂಡಿ ಎಲ್ಲರಿಗೂ ಕಂಡಿತು. ನಂಜುಂಡಯ್ಯನವರು ಕದಿಯುತ್ತಿದ್ದದ್ದು ಬೀಜ ಮಾತ್ರ. ಉಳಿದದ್ದನ್ನು ಇವರೆಲ್ಲ ಮನೆಯಿಂದ ಕದ್ದು ತಂದು ಅವರ ಮುಂದೆ ಇಡುತ್ತಿದ್ದರು.

ಮನೆಗೆ ಬಂದು ಅಮ್ಮನ ಎದುರೇ ಅಪ್ಪನನ್ನು ಕೇಳಿದೆ. ಹೋಟೆಲಿಂದ ತರಬಹುದು ಅಂತ ನಿಮಗೆ ಒಂದು ದಿನವೂ ಹೊಳೆಯಲಿಲ್ಲವೇ ಅಂತ.

ಅಪ್ಪ ಹೇಳಿದರು. "ಮೊದಲ್ನೇ ವಾರ ಸೋತೋನು ನಾನೇ. ಹೋಟ್ಲಿಂದ ಕಟ್ಟಿಸ್ಕೊಂಡು ಬತ್ತೀನಿ ಅಂತ ಚೀಲ ತಗೊಂಡು ಹೊರಟಿದ್ದೆ. ಪ್ರಸಾದನೇ ತಡುದ. ಹೋಟ್ಲಿಂದ ಯಾಕೆ ಭಾವ, ನಮ್ಮಕ್ಕ ಇಲ್ವಾ, ಅವಳ ಒತ್ತು ಶಾವಿಗೆ ರುಚಿ ಇವ್ರಿಗೂ ತೋರ್ಸಣ ಅಂದ. ಅವತ್ತಿಂದ ಅಂಗೇ ನಡ್ಕೊಂಡು ಬಂತು."

ಇದನ್ನು ಎದುರು ಕೂತು ಹೇಳಬೇಕು ಅಂತ ಇಟ್ಟುಕೊಂಡಿದ್ದಿರಾ, ಮಾವ? ಶಾವಿಗೆ ತಿಂದ ಮೇಲೋ, ತಿನ್ನುವ ಮೊದಲೋ?

ಅಮ್ಮ ನಿಮ್ಮನ್ನು ಬೈಯಲಿಲ್ಲ. ಬೈಯಲಿ ಅಂತ ನಾನು ಕಾದೆ. ತಮ್ಮನ ಹೆಸರು ಬಂದಾಗಲೆಲ್ಲ ಅವರ ಮುಖ ಹೇಗಾಗುತ್ತದೆ ಅಂತ ನಿಮಗೆ ಗೊತ್ತು. ಹಾಗಾಗಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ ಶಾವಿಗೆ ಒರಳನ್ನು ಎಡಗೈಯಲ್ಲಿ ಎಳೆದು ತಂದು ಅಪ್ಪನ ಮುಂದೆ ಇಟ್ಟು, ಅಟ್ಟಕ್ಕೆ ಹಾಕಿ ಅಂದರು. ಅಪ್ಪ ಏಣಿ ಹತ್ತಿದರು. ಕೈ ನಡುಗುತ್ತಿತ್ತು. ನಾನು ಏಣಿ ಹಿಡಿದುಕೊಂಡೆ. ಅಮ್ಮ ಹಿಡಿಯಲಿಲ್ಲ.

ಇವತ್ತು ಬೆಳಿಗ್ಗೆ ನಿಮ್ಮ ಡಿಸೆಂಬರಿನ ಕಾಗದದ ಕೊನೆಯ ಸಾಲನ್ನು ಅವರಿಗೆ ಓದಿ ಹೇಳಿದೆ, ಒಂದೇ ಒಂದು ಸಲ, ಬೇರೇನೂ ಬೇಡ ಅನ್ನುವುದನ್ನು. ಸಂಕ್ರಾಂತಿಗೆ ಎಳ್ಳು ಬೆಲ್ಲ ಬೆರೆಸುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಬರಿ ಅವನಿಗೆ" ಅಂದರು. "ಹಬ್ಬಕ್ಕೆ ಬರ್ಲಿ, ಎಳ್ಳು ಬೆಲ್ಲ ಕೊಡ್ತೀನಿ. ಬಸ್‌ಸ್ಟಾಂಡಲ್ಲಿ ಇಳಿದು ಹೋಟ್ಲಲ್ಲಿ ತಿಂಡಿ ತಿನ್ಕೊಂಡೇ ಮನೆಗೆ ಬರ್ಲಿ."

ಅವರು ಹೇಳಿದ ಹಾಗೇ ಬರೆದಿದ್ದೇನೆ.

ಸುಷ್ಮಾ